ಆಪರೇಷನ್ ಫಾರಂಗೆ ಸಹಿ ಹಾಕೋ ಮುನ್ನ ಈ ಉದ್ದುದ್ದ ಪದಗಳ ಅರ್ಥ ತಿಳ್ಕೊಳ್ಳಿ

ಆಸ್ಪತ್ರೆಯ ಒಪ್ಪಿಗೆ ಪತ್ರದಲ್ಲಿ ಬರುವ ಇಂಗ್ಲಿಷ್ ಪದಗಳು ನೋಡೋಕೆ ರೈಲಿನಷ್ಟು ಉದ್ದ. ಆದರೆ ಸುಮಾರು ಪದಗಳ ಬಾಲ ಒಂದೇ ತರಹ. ಪದದ ಮೊದಲ ಭಾಗ ಯಾವ ಅಂಗ ಅಂತ ಹೇಳಿದರೆ, ಕೊನೆಯ ಭಾಗ ಅದಕ್ಕೆ ಏನು ಮಾಡ್ತಾರೆ ಅಂತ ಹೇಳುತ್ತೆ. ಈ ನಾಲ್ಕು ಬಾಲಗಳು ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆ.

1. ಸ್ಕೋಪಿ – ನೋಡುವುದು
ಎಂಡೋಸ್ಕೋಪಿ: ಕ್ಯಾಮೆರಾ ಇರುವ ಕೊಳವೆ ಇಳಿಸಿ ದೇಹದ ಒಳಗೆ ನೋಡುವುದು.
ಕೊಲೊನೋಸ್ಕೋಪಿ: ದೊಡ್ಡ ಕರುಳು ನೋಡುವುದು.
ಲ್ಯಾಪರೋಸ್ಕೋಪಿ: ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನೋಡುವುದು. ಇದೇ ರಂಧ್ರದ ಮೂಲಕ ಆಪರೇಷನ್ ಕೂಡ ಮಾಡ್ತಾರೆ.

2. ಒಟಮಿ – ಕೊಯ್ದು ತೆರೆಯುವುದು
ಲ್ಯಾಪರಾಟಮಿ: ಹೊಟ್ಟೆ ಕೊಯ್ದು ತೆರೆಯುವುದು.

3. ಆಸ್ಟಮಿ – ಹೊರಕ್ಕೆ ದಾರಿ ಮಾಡುವುದು
ಕೊಲೋಸ್ಟಮಿ: ದೊಡ್ಡ ಕರುಳನ್ನು ಹೊಟ್ಟೆಯ ಹೊರಮೈಗೆ ತೆರೆದು, ಮಲ ಚೀಲಕ್ಕೆ ಬರುವಂತೆ ಮಾಡುವುದು. ಕೆಲವರಿಗೆ ತಾತ್ಕಾಲಿಕ, ಕೆಲವರಿಗೆ ಶಾಶ್ವತ.

4. ಎಕ್ಟಮಿ – ತೆಗೆದುಹಾಕುವುದು
ಅಪೆಂಡೆಕ್ಟಮಿ: ಅಪೆಂಡಿಕ್ಸ್ ತೆಗೆಯುವುದು.
ಕೊಲಿಸಿಸ್ಟೆಕ್ಟಮಿ: ಪಿತ್ತಕೋಶ ತೆಗೆಯುವುದು.
ನೆಫ್ರೆಕ್ಟಮಿ: ಕಿಡ್ನಿ ತೆಗೆಯುವುದು.
ಹಿಸ್ಟರೆಕ್ಟಮಿ: ಗರ್ಭಕೋಶ ತೆಗೆಯುವುದು.
ಊಫೊರೆಕ್ಟಮಿ: ಅಂಡಾಶಯ ತೆಗೆಯುವುದು.
ಮಯೋಮೆಕ್ಟಮಿ: ಗರ್ಭಕೋಶ ಉಳಿಸಿ, ಅದರಲ್ಲಿರುವ ಫೈಬ್ರಾಯ್ಡ್ ಗಡ್ಡೆ ಮಾತ್ರ ತೆಗೆಯುವುದು.

ಕೊನೆಯ ಮೂರು ಬಾಲಗಳಲ್ಲೂ ಟಿ-ಒ-ಎಂ-ವೈ ಅನ್ನೋ ನಾಲ್ಕು ಅಕ್ಷರ ಇರೋದರಿಂದಲೇ ಗೊಂದಲ. ಅದರ ಹಿಂದೆ ಇ-ಸಿ ಇದ್ದರೆ ಏನನ್ನೋ ತೆಗೀತಾರೆ ಅಂತ ಅರ್ಥ. ಅಲ್ಲಿ ನಿಂತು ಓದಿ.

ಈ ವ್ಯತ್ಯಾಸ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಮಹಿಳೆ ಸಹಿ ಹಾಕಿದ್ದ ಪತ್ರದಲ್ಲಿ ಇದ್ದದ್ದು ಲ್ಯಾಪರೋಸ್ಕೋಪಿ, ಬೇಕಾದರೆ ಲ್ಯಾಪರಾಟಮಿ. ಆದರೆ ಅವರಿಗೆ ಅರಿವಳಿಕೆ ಕೊಟ್ಟಿದ್ದಾಗಲೇ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆಯಲಾಗಿತ್ತು. ತಪಾಸಣೆಗೆ ಕೊಟ್ಟ ಒಪ್ಪಿಗೆ ಅಂಗ ತೆಗೆಯೋಕೆ ಕೊಟ್ಟ ಒಪ್ಪಿಗೆ ಆಗಲ್ಲ ಅಂತ 2008ರ ಜನವರಿಯಲ್ಲಿ ಕೋರ್ಟ್ ತೀರ್ಪು ಕೊಟ್ಟಿತು. ರೋಗಿ ವಯಸ್ಕರಾಗಿದ್ದು, ಪ್ರಜ್ಞೆ ಬಂದ ಮೇಲೆ ಅವರನ್ನೇ ಕೇಳಬಹುದಾದಾಗ ಮನೆಯವರ ಒಪ್ಪಿಗೆ ಸಾಲದು ಅಂತಲೂ ಹೇಳಿತು. ಜೀವಕ್ಕೆ ಅಪಾಯ ಇರುವ ತುರ್ತು ಸಂದರ್ಭದ ಮಾತು ಮಾತ್ರ ಬೇರೆ.

ಹಾಗಾಗಿ ಸಹಿಗೆ ಮುನ್ನ ಡಾಕ್ಟರನ್ನು ಕನ್ನಡದಲ್ಲೇ ಕೇಳಿ: ಬರೀ ನೋಡೋದಾ, ಕೊಯ್ಯೋದಾ, ಏನಾದರೂ ತೆಗೆಯೋದಾ? ತೆಗೆಯೋದಾದರೆ ಪೂರ್ತಿನಾ, ಸ್ವಲ್ಪ ಭಾಗನಾ? ಬೇರೆ ದಾರಿ ಇದೆಯಾ? ಫಾರಂನಲ್ಲಿ ಖಾಲಿ ಜಾಗ ಇದ್ದರೆ ಅದನ್ನು ತುಂಬಿಸಿ ಓದಿದ ಮೇಲಷ್ಟೇ ಸಹಿ ಹಾಕಿ.