ಹಾಲೂಡಿಕೆಯ ಕಾಲದ ಹಸಿವು ಮತ್ತು ಇಲಿಮರಿಗಳ ವರ್ತನೆ

ಅರೆಹೊಟ್ಟೆಯಲ್ಲಿ ಬೆಳೆದ ಮರಿಯ ಕಲಿಯುವ ಶಕ್ತಿಯೇ ಕುಂದುತ್ತದೆ ಎಂಬ ತೀರ್ಮಾನವನ್ನು ಇಲಿಗಳ ಮೇಲಿನ ಪ್ರಯೋಗಗಳು ಎಷ್ಟರಮಟ್ಟಿಗೆ ಸಮರ್ಥಿಸುತ್ತವೆ ಎಂಬುದಷ್ಟೇ ಈ ಟಿಪ್ಪಣಿಯ ಪ್ರಶ್ನೆ.

ಇಲಿಯ ಮಿದುಳು ಅತಿ ವೇಗವಾಗಿ ಬೆಳೆಯುವುದು ಹುಟ್ಟಿದ ಮೊದಲ ಮೂರು ವಾರಗಳಲ್ಲಿ, ಅಂದರೆ ಮರಿ ಹಾಲು ಕುಡಿಯುವ ಅವಧಿಯಲ್ಲಿ. ಗಿನಿಪಿಗ್‌ನಲ್ಲಿ ಈ ಘಟ್ಟ ಬಹುಪಾಲು ಗರ್ಭದಲ್ಲೇ ಮುಗಿದಿರುತ್ತದೆ. ಕೊರತೆ ಯಾವ ಘಟ್ಟದಲ್ಲಿ ಬಂತು ಎಂಬುದೇ ಮುಖ್ಯವೆಂದು ಬ್ರಿಟನ್ನಿನ ಜಾನ್ ಡಾಬಿಂಗ್ ಒತ್ತಿ ಹೇಳಿದರು. ಈ ಅವಧಿಯಲ್ಲಿ ಹಸಿದ ಇಲಿಯ ಕಿರುಮಿದುಳು ಹೆಚ್ಚು ಸೊರಗುತ್ತದೆ. ಮುಂದೆ ಎಷ್ಟು ಉಣಿಸಿದರೂ ಅದು ಪೂರ್ತಿ ಸರಿಹೋಗುವುದಿಲ್ಲ.

ಮರಿಗಳನ್ನು ಹಸಿವಿಗೆ ಒಡ್ಡುವ ರೂಢಿಯ ದಾರಿಗಳು ಎರಡು: ತಾಯಿಯ ಆಹಾರದಲ್ಲಿ ಪ್ರೋಟೀನ್ ತಗ್ಗಿಸುವುದು, ಇಲ್ಲವೇ ಒಬ್ಬಳೇ ತಾಯಿಗೆ ಹೆಚ್ಚು ಮರಿಗಳನ್ನು ಒಪ್ಪಿಸುವುದು. ತೊಡಕು ಇಲ್ಲೇ ಇದೆ. ಎರಡರಲ್ಲೂ ಹಾಲಿನ ಜೊತೆಗೆ ತಾಯಿಯ ಆರೈಕೆಯೂ ಬದಲಾಗುತ್ತದೆ. ಪ್ರೋಟೀನ್ ಕೊರತೆಯ ತಾಯಿ ಗೂಡಿನಲ್ಲೇ ಹೆಚ್ಚು ಹೊತ್ತು ಕಳೆಯುತ್ತಾಳೆ. ಮರಿಗಳು ಹೊರಗೆ ಸುತ್ತಾಡುವುದು, ಮೂಸಿ ನೋಡುವುದು, ಒಂದರೊಡನೊಂದು ಆಡುವುದು ಕಡಿಮೆಯಾಗುತ್ತದೆ.

ಪರೀಕ್ಷೆಯಲ್ಲೂ ಎಚ್ಚರ ಬೇಕು. ಎಳವೆಯಲ್ಲಿ ಹಸಿದಿದ್ದ ಇಲಿ ಬೆಳೆದು ಮೈತುಂಬಿಕೊಂಡ ಮೇಲೂ ತಿನಿಸಿಗೆ ಉಳಿದವಕ್ಕಿಂತ ಹೆಚ್ಚು ಹಾತೊರೆಯುತ್ತದೆ. ತಿನಿಸನ್ನೇ ಬಹುಮಾನವಾಗಿಟ್ಟರೆ ಅಳತೆಗೆ ಸಿಗುವುದು ಕಲಿಕೆಯೋ ಆ ಹಾತೊರೆತವೋ ಎಂದು ಬಿಡಿಸಿ ಹೇಳಲಾಗದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ರಿಚರ್ಡ್ ಬಾರ್ನ್ಸ್ ತಂಡ 1966ರಲ್ಲಿ ನೀರಿನ ಜಟಿಲ ದಾರಿಯನ್ನು ಬಳಸಿತು. ಅಲ್ಲಿ ಈಜಿ ಪಾರಾಗುವುದೇ ಗುರಿ, ತಿನಿಸಿನ ಆಸೆಯಿಲ್ಲ. ಆದರೆ ಇಂಥ ಇಲಿಗಳು ಬೆದರುವುದೂ ಹೆಚ್ಚು. ನೀರಿನಲ್ಲಿ ದಾರಿ ತಪ್ಪಿದ್ದಕ್ಕೆ ಗಾಬರಿಯೂ ಕಾರಣವಾಗಿರಬಹುದು.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ತೂಕದ ಕೆಲಸವೆಂದರೆ ಡೇವಿಡ್ ಲೆವಿಟ್ಸ್ಕಿ ಮತ್ತು ಬಾರ್ನ್ಸ್ 1972ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಹಸಿದ ಮರಿಗಳಲ್ಲಿ ಕೆಲವನ್ನು ಒಂಟಿಯಾಗಿಟ್ಟು, ಕೆಲವಕ್ಕೆ ಒಡನಾಟ, ಕೈಸ್ಪರ್ಶ, ಹೊಸ ವಸ್ತುಗಳ ಪರಿಚಯ ಒದಗಿಸಿದರು. ಬೆಳೆದ ಮೇಲೆ ನೋಡಿದಾಗ, ಒಂಟಿತನ ಹಸಿವಿನ ಕೆಲವು ಪರಿಣಾಮಗಳನ್ನು ಹೆಚ್ಚಿಸಿತ್ತು. ಪ್ರಚೋದನೆ ಸಿಕ್ಕವುಗಳಲ್ಲಿ ಅವು ತಗ್ಗಿದ್ದವು. ಹಸಿದ ಮರಿ ತನ್ನ ಸುತ್ತಲಿನಿಂದ ದೂರ ಉಳಿಯುತ್ತದೆ, ಕಲಿಯಬೇಕಾದ ವಯಸ್ಸಿನಲ್ಲಿ ಕಲಿಯುವ ಸಂದರ್ಭಗಳನ್ನೇ ಕಳೆದುಕೊಳ್ಳುತ್ತದೆ ಎಂಬ ವಿವರಣೆಗೆ ಇದರಿಂದ ಬಲ ಬಂತು. ಕಿರುಮಿದುಳಿನ ನಷ್ಟವನ್ನು ಇದು ಅಲ್ಲಗಳೆಯುವುದಿಲ್ಲ. ಆದರೆ ವರ್ತನೆಯ ಎಲ್ಲ ಕೊರತೆಯನ್ನೂ ಜೀವಕೋಶಗಳ ಲೆಕ್ಕಕ್ಕೆ ಬರೆಯುವಂತಿಲ್ಲ.

ಆದ್ದರಿಂದ ಇಂಥ ಪ್ರಯೋಗದ ವರದಿಯನ್ನು ಓದುವವರು ಮರಿಗಳಿಗೆ ಏನು ಉಣಿಸಿದರು ಎಂಬುದರ ಜೊತೆಗೆ ಅವುಗಳನ್ನು ಯಾರೊಡನೆ, ಎಂಥ ಪಂಜರದಲ್ಲಿ ಇಟ್ಟಿದ್ದರು ಎಂಬುದನ್ನೂ ಹುಡುಕಬೇಕು. ಆ ವಿವರ ಇಲ್ಲದ ವರದಿಯನ್ನು ಹಸಿವೊಂದರ ಪರಿಣಾಮಕ್ಕೆ ಸಾಕ್ಷ್ಯವೆಂದು ಒಪ್ಪಲಾಗದು.