ಎದೆಯ ಒತ್ತಡ ಅಳೆಯೋಕೆ ಅನ್ನನಾಳಕ್ಕೆ ಇಳಿದ ಬಲೂನು

ಇವತ್ತಿನ ಕಥೆ ನನ್ನ ಮನೆಯಿಂದಲೇ ಶುರು. ಅಪ್ಪ ಹನ್ನೊಂದು ದಿನ ವೆಂಟಿಲೇಟರ್ ಮೇಲಿದ್ದರು. ಪುಣೆಯಿಂದ ರಜೆ ಹಾಕಿ ಓಡಿದ್ದ ನಾನು, ಐಸಿಯು ಒಳಗೆ ಬಿಡ್ತಿದ್ದ ಹತ್ತು ನಿಮಿಷವೂ ಪರದೆಯ ಒಂದೇ ಅಂಕಿ ನೋಡ್ತಾ ನಿಂತಿರ್ತಿದ್ದೆ: ಒತ್ತಡ 30. ಅಪ್ಪನ ಶ್ವಾಸಕೋಶ ಅಷ್ಟನ್ನೂ ತಡ್ಕೊಳ್ತಿದೆ ಅಂದ್ಕೊಂಡಿದ್ದೆ.

ಅದು ತಪ್ಪು. ಯಂತ್ರ ತಳ್ಳುವ ಗಾಳಿ ಶ್ವಾಸಕೋಶದ ಜೊತೆ ಎದೆಗೂಡನ್ನೂ ಹಿಗ್ಗಿಸಬೇಕು, ಹೊಟ್ಟೆಯನ್ನೂ ಕೆಳಗೆ ನೂಕಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಗೇಟ್‌ವೇನಲ್ಲಿ ಒಟ್ಟು ಲೇಟೆನ್ಸಿ ನೋಡಿ ಡೇಟಾಬೇಸೇ ನಿಧಾನ ಅಂದ ಹಾಗೆ. ಶ್ವಾಸಕೋಶದ ಪಾಲು ಗೊತ್ತಾಗಬೇಕಾದರೆ ಅದರ ಹೊರಗಿನ ಒತ್ತಡ ಕಳೆಯಬೇಕು. ಹೊರಗೆ 8 ಇದ್ದರೆ ಉಳಿಯೋದು 22. ತುಂಬ ದಪ್ಪ ಇರುವವರಲ್ಲಿ, ಹೊಟ್ಟೆ ಬಿಗಿದವರಲ್ಲಿ ಹೊರಗೇ 18 ಇದ್ದರೆ ಉಳಿಯೋದು ಬರೀ 12. ಪರದೆ ಮೇಲೆ ಮಾತ್ರ ಇಬ್ಬರಿಗೂ 30!

ಆ ಹೊರಗಿನ ಒತ್ತಡ ಅಳೆಯೋದು ಹೇಗೆ? ಎದೆಗೆ ಸೂಜಿ ಚುಚ್ಚಿದರೆ ಶ್ವಾಸಕೋಶವೇ ಕುಸಿಯುವ ಅಪಾಯ. ಆದರೆ ಅನ್ನನಾಳ ಎದೆಯ ನಡುವೆಯೇ ಹಾದುಹೋಗುತ್ತೆ, ಅದರ ಗೋಡೆಯೂ ಮೆತ್ತಗೆ. 1878ರಲ್ಲೇ ಇಟಲಿಯ ಲೂಯಿಜಿ ಲುಚಿಯಾನಿ ಈ ದಾರಿ ಹಿಡಿದಿದ್ದ. 1949ರಲ್ಲಿ ನೆದರ್‌ಲೆಂಡ್ಸ್‌ನ ಬಾಯ್ಟೆಂಡೈಕ್ ಇದರಿಂದ ಶ್ವಾಸಕೋಶದ ಹಿಗ್ಗುವ ಗುಣದ ಲೆಕ್ಕಕ್ಕೆ ಕೈಹಾಕಿದ. ಅದನ್ನು ನಂಬುವಂಥ ಅಳತೆ ಮಾಡಿದ್ದು 1964ರಲ್ಲಿ ಮಿಲಿಕ್-ಎಮಿಲಿ, ಮೀಡ್ ಮತ್ತು ಸಂಗಡಿಗರು: ಮೂಗಿನಿಂದ ತೆಳ್ಳನೆಯ ನಳಿಕೆ, ತುದಿಯಲ್ಲಿ ಸುಮಾರು 10 ಸೆಂಟಿಮೀಟರಿನ ಬಲೂನು, ಅದರೊಳಗೆ ಒಂದು ಮಿಲಿಲೀಟರಿಗೂ ಕಡಿಮೆ ಗಾಳಿ. ಹೆಚ್ಚು ತುಂಬಿದರೆ ಬಲೂನೇ ಬಿಗಿದು ಸುಳ್ಳು ಹೇಳುತ್ತೆ.

ಅವರು ಅಳೆದಿದ್ದು ಆರೋಗ್ಯವಂತರಲ್ಲಿ. ಐಸಿಯುನಲ್ಲಿ ರೋಗಿ ಅಂಗಾತ ಮಲಗಿರ್ತಾನೆ, ಹೃದಯದ ಭಾರ ಅನ್ನನಾಳದ ಮೇಲೆ ಬೀಳುತ್ತೆ. ಬಲೂನು ಸರಿಯಾಗಿ ಕೂತಿದೆಯಾ? ಅದಕ್ಕೆ 1982ರಲ್ಲಿ ಬೇದೂರ್ ತಂಡ ಕೊಟ್ಟ ಪರೀಕ್ಷೆ ನನಗೆ ಬಹಳ ಇಷ್ಟ: ಉಸಿರು ಬಿಟ್ಟ ಕೊನೆಯಲ್ಲಿ ಗಾಳಿಯ ದಾರಿ ಮುಚ್ಚಿ, ರೋಗಿ ಎಳೆಯಲಿ. ಬಾಯಲ್ಲಿ ಒತ್ತಡ ಎಷ್ಟು ಇಳಿಯಿತೋ ಅನ್ನನಾಳದಲ್ಲೂ ಅಷ್ಟೇ ಇಳಿಯಬೇಕು. ಎಂಥ ಚಂದದ ಯೂನಿಟ್ ಟೆಸ್ಟ್ ನೋಡಿ!

2008ರಲ್ಲಿ ಬಾಸ್ಟನ್‌ನ ಟಾಲ್ಮರ್ ತಂಡ, ಶ್ವಾಸಕೋಶ ತೀವ್ರವಾಗಿ ಹಾಳಾಗಿದ್ದ 61 ರೋಗಿಗಳ ಮೇಲೆ ಅಧ್ಯಯನ ಮಾಡಿತು. ಬಲೂನಿನ ಅಳತೆ ನೋಡಿ ಒತ್ತಡ ಇಟ್ಟವರ ರಕ್ತದಲ್ಲಿ ಆಮ್ಲಜನಕ ಎಷ್ಟು ಸುಧಾರಿಸಿತೆಂದರೆ ಅಧ್ಯಯನವನ್ನೇ ಬೇಗ ನಿಲ್ಲಿಸಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪನಿಗೆ ಬಲೂನು ಹಾಕಿರಲಿಲ್ಲ. ಹನ್ನೊಂದನೇ ದಿನ ಅವರು ಹೋದರು.

ಮುಂದೆ 2019ರ ಅಧ್ಯಯನ ಸಿಕ್ಕಿತು. 14 ಆಸ್ಪತ್ರೆ, 200 ರೋಗಿಗಳು. 28 ದಿನದೊಳಗೆ ತೀರಿಕೊಂಡವರು ಬಲೂನಿನ ಗುಂಪಿನಲ್ಲಿ ಶೇ. 32.4, ಬಲೂನಿಲ್ಲದ ಗುಂಪಿನಲ್ಲಿ ಶೇ. 30.6. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಒಂದು ಮಾತು ಹೇಳಲೇಬೇಕು, ಈ ಸಲ ಬಲೂನಿಲ್ಲದ ಗುಂಪಿಗೂ 2008ಕ್ಕಿಂತ ಹೆಚ್ಚಿನ ಒತ್ತಡವನ್ನೇ ಇಟ್ಟಿದ್ದರು. ಹಾಗಾಗಿ ಎರಡು ಅಧ್ಯಯನ ಪರಸ್ಪರ ಜಗಳ ಆಡ್ತಿಲ್ಲ, ಪ್ರಶ್ನೆಯೇ ಬೇರೆ. ಯಾರಿಗೆ ಬಲೂನು ಬೇಕು ಅನ್ನೋ ಚರ್ಚೆ ಇನ್ನೂ ನಡೀತಿದೆ.

ಬಲೂನು ಹಾಕಿದ್ದರೆ ಅಪ್ಪ ಉಳೀತಿದ್ದರು ಅಂತ ಫೋನಿನಲ್ಲಿ ಅಮ್ಮನಿಗೆ ಎಷ್ಟೋ ಸಲ ಹೇಳಿದ್ದೆ. ಆ 200 ಜನರ ಲೆಕ್ಕ ಓದಿದ ಮೇಲೆ ಆ ಮಾತು ಎತ್ತೋದು ಬಿಟ್ಟೆ.