ರೆಪ್ಪೆಯ ಸೆಡೆತ: ಒಂದು ರೋಗದ ಇತಿಹಾಸ ಮತ್ತು ವೈದ್ಯರ ಸಂಶಯ

ದೇವತೆಗಳಿಗೆ ಅನಿಮಿಷರೆಂಬ ಹೆಸರುಂಟು. ಅವರ ರೆಪ್ಪೆ ಬಡಿಯುವುದಿಲ್ಲ. ಸ್ವಯಂವರ ಮಂಟಪದಲ್ಲಿ ನಳನ ರೂಪವನ್ನು ತಾಳಿ ಕುಳಿತಿದ್ದ ದೇವತೆಗಳ ನಡುವೆ ದಮಯಂತಿ ತನ್ನ ನಳನನ್ನು ಗುರುತಿಸಿದುದು ಅವನ ಮೈಯ ಬೆವರಿನಿಂದ, ಬಾಡಿದ ಹೂಮಾಲೆಯಿಂದ, ಮಿಟುಕುವ ಕಣ್ಣಿನಿಂದ. ಅಂದಮೇಲೆ ರೆಪ್ಪೆ ಬಡಿಯುವುದು ಮನುಷ್ಯನ ಲಕ್ಷಣವೆಂದೇ ನಮ್ಮ ಹಿರಿಯರು ತಿಳಿದಿದ್ದರು. ನಿಮಿಷಕ್ಕೆ ಸುಮಾರು ಹದಿನೈದಿಪ್ಪತ್ತು ಬಾರಿ ನಾವು ಅರಿಯದೆಯೇ ನಡೆಯುವ ಈ ಕ್ರಿಯೆ ನಮ್ಮ ಅಂಕೆಯನ್ನು ಮೀರಿದರೆ ಏನಾದೀತು? ಮುಚ್ಚಿದ ರೆಪ್ಪೆ ತೆರೆಯಲೊಲ್ಲದೆ ಹೋದರೆ, ಆ ಮನುಷ್ಯನ ಮಾತನ್ನು ಲೋಕ ನಂಬೀತೇ? ಪ್ರಕೃತ ಲೇಖನದ ವಿಷಯ ಇದು. ಲೇಖಕನ ವೃತ್ತಿ ಲೆಕ್ಕಪತ್ರಗಳದು, ವೈದ್ಯಕೀಯದ್ದಲ್ಲ. ಆದರೆ ಇಲ್ಲಿ ವಿಚಾರಿಸಹೊರಟಿರುವುದು ಚಿಕಿತ್ಸೆಯ ಕ್ರಮವನ್ನಲ್ಲ, ಒಂದು ತೀರ್ಪಿನ ಚರಿತ್ರೆಯನ್ನು.

ಕಣ್ಣು ಅದಿರುವುದನ್ನು ನಮ್ಮ ಜನ ಶಕುನವೆಂದು ಎಣಿಸುತ್ತಾರೆ. ಗಂಡಸಿಗೆ ಬಲಗಣ್ಣು, ಹೆಂಗಸಿಗೆ ಎಡಗಣ್ಣು ಅದಿರಿದರೆ ಶುಭವೆಂಬುದು ಪ್ರತೀತಿ. ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ, ಪ್ರಾಣತ್ಯಾಗದ ಅಂಚಿನಲ್ಲಿದ್ದ ಸೀತೆಗೆ ಎಡಗಣ್ಣು ಅದಿರುತ್ತದೆ. ಬಳಿಕವೇ ಹನುಮಂತನ ದನಿ ಕೇಳಿಬರುತ್ತದೆ. ಕಾವ್ಯದಲ್ಲಿ ಇದು ಹೀಗಿರಲು, ಶಾಸ್ತ್ರದ ದೃಷ್ಟಿಯೇ ಬೇರೆ. ಸುಶ್ರುತಸಂಹಿತೆಯ ಉತ್ತರತಂತ್ರವು ಎಣಿಸುವ 76 ನೇತ್ರರೋಗಗಳಲ್ಲಿ 21 ರೆಪ್ಪೆಗೆ ಸಂಬಂಧಪಟ್ಟವು. ಅವುಗಳಲ್ಲಿ ‘ನಿಮೇಷ’ ಎಂಬುದೊಂದು. ರೆಪ್ಪೆಯನ್ನು ಆಡಿಸುವ ಸಿರೆಗಳಲ್ಲಿ ವಾಯು ಹೊಕ್ಕು ರೆಪ್ಪೆಗಳನ್ನು ಅತಿಯಾಗಿ ಚಲಿಸುವಂತೆ ಮಾಡುತ್ತದೆಂದು ಅಲ್ಲಿ ವಿವರಣೆಯಿದೆ. ವಾತದಿಂದ ಹುಟ್ಟುವ ಅಸಾಧ್ಯ ನೇತ್ರರೋಗಗಳ ಪಟ್ಟಿಯಲ್ಲಿಯೂ ಅದರ ಹೆಸರು ಬರುತ್ತದೆ. ಸುಶ್ರುತದ ನಿಮೇಷವೂ ಇಂದಿನ ವೈದ್ಯರು ಹೇಳುವ ರೆಪ್ಪೆಯ ಸೆಡೆತವೂ ಒಂದೇ ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಅಂಥ ಸಮೀಕರಣಗಳು ಪಾಂಡಿತ್ಯಕ್ಕಿಂತ ಅಭಿಮಾನಕ್ಕೆ ಹತ್ತಿರ. ಗಮನಾರ್ಹವಾದುದು ಇಷ್ಟೇ: ಆ ಗ್ರಂಥಕಾರನು ರೋಗಕ್ಕೆ ಕಾರಣವನ್ನು ದೇಹದಲ್ಲಿ ಹುಡುಕಿದನು, ತನಗೆ ವಾಸಿಮಾಡಲಾಗದುದನ್ನು ಅಸಾಧ್ಯವೆಂದು ಬರೆದಿಟ್ಟನು. ರೋಗಿ ನಟಿಸುತ್ತಿದ್ದಾನೆಂದು ಹೇಳಲಿಲ್ಲ.

ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಕಣ್ಣಿನ ಸುತ್ತ ಉಂಗುರದಂತೆ ಒಂದು ಸ್ನಾಯುವಿದೆ. ರೆಪ್ಪೆ ಮುಚ್ಚುವುದು ಅದರ ಕೆಲಸ. ‘ಬ್ಲೆಫರೋಸ್ಪಾಸಮ್’ ಎಂಬ ರೋಗದಲ್ಲಿ ಈ ಸ್ನಾಯು ತಾನೇ ತಾನಾಗಿ ಬಿಗಿಯುತ್ತದೆ. ಮೊದಮೊದಲು ಮಿಟುಕುವುದು ಹೆಚ್ಚುತ್ತದೆ; ಕ್ರಮೇಣ ಎರಡು ಕಣ್ಣುಗಳೂ ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ದೃಷ್ಟಿಗೆ ಯಾವ ಊನವೂ ಇಲ್ಲದ ಮನುಷ್ಯ ಬೀದಿ ದಾಟಲಾರದೆ ನಿಲ್ಲುತ್ತಾನೆ. ಬಿಸಿಲು, ಓದು, ಆಯಾಸ ಇದನ್ನು ಕೆರಳಿಸುತ್ತವೆ. ಆದರೆ ಹಾಡಿದರೆ, ಮಾತನಾಡಿದರೆ, ಏನನ್ನಾದರೂ ಅಗಿದರೆ, ಕಣತಲೆಯನ್ನು ಬೆರಳಿನಿಂದ ಮುಟ್ಟಿದರೆ ಕೆಲವರಿಗೆ ರೆಪ್ಪೆ ತೆರೆದುಕೊಳ್ಳುತ್ತದೆ. ವೈದ್ಯನ ಮುಂದೆ ಕುಳಿತ ಹೊತ್ತಿನಲ್ಲಿಯೇ ಸೆಡೆತ ತಾತ್ಕಾಲಿಕವಾಗಿ ಅಡಗುವುದೂ ಉಂಟು. ಈ ಕಡೆಯ ಲಕ್ಷಣಗಳೇ ರೋಗಿಗಳ ಪಾಲಿಗೆ ಮುಳುವಾದವು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ ನಗರ ನರರೋಗಶಾಸ್ತ್ರದ ರಾಜಧಾನಿಯಾಗಿತ್ತು. ಅಲ್ಲಿ ಎದುವಾರ್ ಬ್ರಿಸೋ ಎಂಬ ವೈದ್ಯನು ಕುತ್ತಿಗೆ ಒಂದೇ ಕಡೆಗೆ ತಿರುಚಿಕೊಳ್ಳುವ ರೋಗಿಗಳನ್ನು ಪರೀಕ್ಷಿಸಿ ವಿಚಿತ್ರವೊಂದನ್ನು ಕಂಡನು. ಎಷ್ಟು ಬಲ ಹಾಕಿದರೂ ಸರಿಹೋಗದ ಕುತ್ತಿಗೆ, ರೋಗಿ ತನ್ನ ಗಲ್ಲಕ್ಕೆ ಒಂದು ಬೆರಳನ್ನು ಸೋಕಿಸಿದೊಡನೆ ನೇರವಾಗುತ್ತಿತ್ತು. ಬೆರಳಿನ ಸೋಂಕಿಗೆ ಸ್ನಾಯುವನ್ನು ಗೆಲ್ಲುವ ಶಕ್ತಿಯಿಲ್ಲ. ಆದುದರಿಂದ ರೋಗವಿರುವುದು ಮನಸ್ಸಿನಲ್ಲಿ ಎಂದು ಅವನು ನಿರ್ಣಯಿಸಿ, 1890ರ ದಶಕದಲ್ಲಿ ಅದಕ್ಕೆ ‘ಮಾನಸಿಕ’ ಎಂಬ ವಿಶೇಷಣವನ್ನು ಕೊಟ್ಟನು. ಅವನ ಶಿಷ್ಯ ಆನ್ರಿ ಮೇಜ್, ಫೈಂಡೆಲ್‌ನೊಡನೆ 1902ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಈ ‘ಪ್ರತಿಸೆಳೆತದ ಹಾವಭಾವ’ ಮನೋದೌರ್ಬಲ್ಯದ ಗುರುತಾಗಿಯೇ ಉಳಿಯಿತು. ತರ್ಕ ಮೇಲ್ನೋಟಕ್ಕೆ ನಿರ್ದುಷ್ಟವಾಗಿ ಕಾಣುತ್ತದೆ. ಆದರೆ ಅದರಲ್ಲಿ ಅಡಗಿದ ಒಂದು ಪೂರ್ವಗ್ರಹವನ್ನು ಯಾರೂ ಪರೀಕ್ಷಿಸಲಿಲ್ಲ: ಸ್ಪರ್ಶದಿಂದ ಬಂದ ಸುದ್ದಿ ಚಲನೆಯನ್ನು ಬದಲಿಸಲಾರದೆಂಬುದೇ ಆ ಪೂರ್ವಗ್ರಹ. ಮಿದುಳು ಇಂದ್ರಿಯಗಳ ಸುದ್ದಿಯನ್ನೂ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನೂ ಒಟ್ಟಿಗೆ ಹೆಣೆಯುತ್ತದೆಂದು ಈಗ ತಿಳಿದಿದೆ. ಅಂದು ರೋಗದ ಸುಳ್ಳುತನಕ್ಕೆ ಸಾಕ್ಷಿಯೆನಿಸಿದ ಬೆರಳಿನ ಸೋಂಕು ಇಂದು ರೋಗನಿರ್ಣಯಕ್ಕೆ ವೈದ್ಯರು ವಿಚಾರಿಸುವ ಗುರುತಾಗಿದೆ.

ಮೇಜ್‌ನಿಗೆ ನ್ಯಾಯ ಸಲ್ಲಿಸಬೇಕಾದರೆ ಇನ್ನೊಂದು ಮಾತನ್ನೂ ಹೇಳಬೇಕು. 1910ರಲ್ಲಿ ಅವನು ಬರೆದ ಲೇಖನದಲ್ಲಿ, ಎರಡು ಕಣ್ಣುಗಳೂ ಮುಚ್ಚಿಕೊಂಡು ಬಾಯಿ ದವಡೆಗಳೂ ಸೆಡೆಯುವ ಮುಖದ ರೋಗವನ್ನು ಚಾಳಿಗಳಿಂದ ಬೇರ್ಪಡಿಸಿ ಪ್ರತ್ಯೇಕ ರೋಗವೆಂದು ವರ್ಣಿಸಿದನು. ಇಂದಿಗೂ ಆ ರೋಗಕ್ಕೆ ಅವನ ಹೆಸರಿದೆ. ಆದರೆ ಆ ಲೇಖನ ಬಹುಕಾಲ ಮೂಲೆಗೆ ಬಿದ್ದಿತ್ತು. ‘ಹಿಸ್ಟೀರಿಯಾ’ ಎಂಬ ಪದ ಎಲ್ಲ ಕಡೆಯೂ ಸುಲಭವಾಗಿ ಸಿಗುತ್ತಿತ್ತು. ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲಿಯೂ ನಡುವಯಸ್ಸು ದಾಟಿದವರಲ್ಲಿ ಹೆಚ್ಚಾಗಿ ಕಾಣುವುದರಿಂದ ಆ ಪದ ಇನ್ನಷ್ಟು ಸುಲಭವಾಯಿತು.

ಗುಮಾಸ್ತರ ವರ್ಗವೂ ಈ ಸಂಶಯದಿಂದ ತಪ್ಪಿಸಿಕೊಳ್ಳಲಿಲ್ಲ. ಇಟಲಿಯ ರಮಾಜ್ಜೀನಿ ವೃತ್ತಿರೋಗಗಳನ್ನು ಕುರಿತ ತನ್ನ ಗ್ರಂಥದ 1713ರ ಆವೃತ್ತಿಯಲ್ಲಿ, ಬರೆದು ಬರೆದು ಬಲಗೈ ನಿಷ್ಕ್ರಿಯವಾಗಿ, ಎಡಗೈಯಲ್ಲಿ ಬರೆಯಲು ಕಲಿತೊಡನೆ ಅದಕ್ಕೂ ರೋಗ ತಗಲಿದ ಬರವಣಿಗೆಯವನೊಬ್ಬನನ್ನು ಪ್ರಸ್ತಾಪಿಸುತ್ತಾನೆ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬೆಲ್ 1830ರಲ್ಲಿ ಇಂಥ ರೋಗಿಗಳನ್ನು ಕುರಿತು ಬರೆದನು; ಸರ್ಕಾರಿ ಕಚೇರಿಯ ಗುಮಾಸ್ತರಲ್ಲಿ ಅದು ಕಾಣಿಸಿಕೊಂಡಾಗ ಹೊಸದಾಗಿ ಬಂದ ಉಕ್ಕಿನ ಲೇಖನಿಯ ಮೇಲೆ ತಪ್ಪು ಹೊರಿಸಿದರು. ಅದೇ ಕೈ ಗುಂಡಿ ಹಾಕುತ್ತದೆ, ತುತ್ತು ಎತ್ತುತ್ತದೆ. ಲೇಖನಿ ಹಿಡಿದಾಗ ಮಾತ್ರ ಸೆಡೆಯುತ್ತದೆ. ಇದನ್ನು ಕಂಡ ಮೇಲಧಿಕಾರಿಗೆ ಮೈಗಳ್ಳತನದ ಶಂಕೆ ಬರುವುದು ಸಹಜ. ವೈದ್ಯರೂ ಅದನ್ನು ವೃತ್ತಿಜನ್ಯ ಮನೋವಿಕಾರವೆಂದು ಕರೆದರು. ಲಂಡನ್ನಿನ ಷೀಹಿ ಮತ್ತು ಮಾರ್ಸ್ಡನ್ 1982ರಲ್ಲಿ ಈ ರೋಗಿಗಳನ್ನು ಪರೀಕ್ಷಿಸಿ, ಇದೂ ‘ಡಿಸ್ಟೋನಿಯಾ’ ಎಂಬ ಚಲನವಿಕಾರದ ಒಂದು ಪ್ರಭೇದವೆಂದು ಪ್ರತಿಪಾದಿಸಿದರು. ಇತರರ ಹಣದ ಲೆಕ್ಕವನ್ನು ಬರೆದು ಬದುಕುವ ನಮ್ಮಂಥವರು ಈ ಪ್ರಸಂಗವನ್ನು ಮರೆಯಬಾರದು.

ಇದಕ್ಕಿಂತಲೂ ಆಶ್ಚರ್ಯಕರವಾದ ಪ್ರಕರಣಗಳು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಂಡುಬಂದವು. ವಿಯೆನ್ನಾದ ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ 1917ರಲ್ಲಿ ‘ನಿದ್ರಾರೋಗ’ವೊಂದನ್ನು ವರ್ಣಿಸಿದನು. ಮಿದುಳಿನ ಉರಿಯೂತವಾದ ಆ ಸಾಂಕ್ರಾಮಿಕ ಮುಂದಿನ ಹತ್ತು ವರ್ಷ ಅನೇಕ ದೇಶಗಳಲ್ಲಿ ಸಂಚರಿಸಿ ಅಡಗಿತು. ಬದುಕಿ ಉಳಿದ ಹಲವರಲ್ಲಿ ಕೆಲವು ಕಾಲದ ನಂತರ ಒಂದು ವಿಲಕ್ಷಣ ಬಾಧೆ ತಲೆದೋರಿತು. ಇದ್ದಕ್ಕಿದ್ದಂತೆ ಎರಡೂ ಕಣ್ಣುಗುಡ್ಡೆಗಳು ಮೇಲಕ್ಕೆ ಹೊರಳಿ, ನಿಮಿಷಗಳಲ್ಲ, ಗಂಟೆಗಟ್ಟಲೆ ಅಲ್ಲಿಯೇ ಸಿಕ್ಕಿಕೊಳ್ಳುತ್ತಿದ್ದವು. ಕೆಲವರಿಗೆ ಇದು ಕ್ಲುಪ್ತ ಕಾಲದಲ್ಲಿ ಬರುತ್ತಿತ್ತು. ಅದರೊಡನೆ ಕಾರಣವಿಲ್ಲದ ಭಯ, ಬಿಡದೆ ಸುತ್ತುವ ಒಂದೇ ಆಲೋಚನೆ ಮನಸ್ಸನ್ನು ಆವರಿಸುತ್ತಿತ್ತು. ಮಿದುಳಿನ ವ್ಯಾಧಿಯೇ ಕಾರಣವೆಂದು ಸ್ಪಷ್ಟವಾಗಿದ್ದ ಈ ಪ್ರಕರಣಗಳಲ್ಲಿ ಸಹ, ಅಮೆರಿಕದ ಜೆಲಿಫ್ 1932ರ ತನ್ನ ಪುಸ್ತಕದಲ್ಲಿ ಮನೋವಿಶ್ಲೇಷಣೆಯ ಮಾರ್ಗದಿಂದ ಅರ್ಥವನ್ನು ಹುಡುಕಹೊರಟನು. ಆ ರೋಗಿಗಳಲ್ಲಿ ಕೆಲವರು ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ದಶಕಗಳ ಕಾಲ ಕಲ್ಲಿನಂತೆ ಕುಳಿತಿದ್ದು, 1969ರಲ್ಲಿ ಎಲ್-ಡೋಪಾ ಎಂಬ ಔಷಧದಿಂದ ಎಚ್ಚತ್ತರು. ಆ ಕಥೆಯನ್ನು ಆಲಿವರ್ ಸ್ಯಾಕ್ಸ್ 1973ರಲ್ಲಿ ಪುಸ್ತಕವಾಗಿ ಬರೆದನು.

ಸಂಶಯಕ್ಕೆ ಬಲವಾದ ಪೆಟ್ಟು ಬಿದ್ದುದು ಅನಿರೀಕ್ಷಿತವಾದ ದಿಕ್ಕಿನಿಂದ. 1952ರಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧ ಮನೋರೋಗಗಳ ಚಿಕಿತ್ಸೆಗೆ ಬಂದಿತು. ಅದನ್ನೂ ಅದರ ಜಾತಿಯ ಇತರ ಔಷಧಗಳನ್ನೂ, ವಾಂತಿ ನಿಲ್ಲಿಸಲು ಕೊಡುವ ಕೆಲವು ಮದ್ದುಗಳನ್ನೂ ಸೇವಿಸಿದ ಕೆಲವರಲ್ಲಿ, ವಿಶೇಷವಾಗಿ ಹರೆಯದವರಲ್ಲಿ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವ ಅದೇ ಬಾಧೆ ಕಾಣಿಸಿತು. ತಕ್ಕ ಪ್ರತ್ಯೌಷಧವನ್ನು ಚುಚ್ಚಿದರೆ ಕೆಲವೇ ನಿಮಿಷಗಳಲ್ಲಿ ಕಣ್ಣು ಕೆಳಗಿಳಿಯುತ್ತಿತ್ತು. ಡೋಪಮಿನ್ ಎಂಬ ದ್ರವ್ಯದ ಕಾರ್ಯವನ್ನು ಆ ಔಷಧಗಳು ಮಿದುಳಿನಲ್ಲಿ ತಡೆಯುತ್ತವೆಂದು ಮುಂದೆ ತಿಳಿದುಬಂದಿತು. ಒಂದು ರಾಸಾಯನಿಕದಿಂದ ಹುಟ್ಟಿ ಇನ್ನೊಂದರಿಂದ ಅಡಗುವ ಸೆಡೆತವನ್ನು ನಟನೆಯೆನ್ನುವುದು ಹೇಗೆ?

ಆದರೂ ತಾನಾಗಿ ಬರುವ ರೆಪ್ಪೆಯ ಸೆಡೆತದ ಪ್ರಶ್ನೆ ಉಳಿದಿತ್ತು. ಅದನ್ನು ಕೈಗೆತ್ತಿಕೊಂಡವನು ಮೇಲೆ ಹೇಳಿದ ಡೇವಿಡ್ ಮಾರ್ಸ್ಡನ್. 1976ರಲ್ಲಿ ಅವನು ಪ್ರಕಟಿಸಿದ ಲೇಖನದ ಲೆಕ್ಕ ಅಚ್ಚುಕಟ್ಟಾಗಿದೆ: ಒಟ್ಟು 39 ರೋಗಿಗಳು, ರೆಪ್ಪೆಯ ಸೆಡೆತ ಮಾತ್ರ ಇದ್ದವರು 13, ಬಾಯಿ ದವಡೆಗಳ ಸೆಡೆತ ಮಾತ್ರ ಇದ್ದವರು 9, ಎರಡೂ ಇದ್ದವರು 17. ಇವರಲ್ಲಿ ಕೆಲವರಿಗೆ ಕುತ್ತಿಗೆ ತಿರುಚುವ ಅಥವಾ ಕೈ ಸೆಡೆಯುವ ಬಾಧೆಯೂ ಸೇರಿತ್ತು. ಬಿಡಿಬಿಡಿಯಾಗಿ ನೋಡಿದಾಗ ಕಣ್ಣು ಮುಚ್ಚುವವಳು, ಕುತ್ತಿಗೆ ತಿರುಚುವವನು, ಬರೆಯಲಾರದ ಗುಮಾಸ್ತ ಬೇರೆ ಬೇರೆ ವಿಚಿತ್ರಗಳಾಗಿದ್ದರು. ಒಂದೇ ಖಾತೆಗೆ ಹಾಕಿದಾಗ ಒಂದೇ ಕುಟುಂಬವಾದರು. ಮಾರ್ಸ್ಡನ್ ಈ ರೋಗಕ್ಕೆ ಚಿತ್ರಕಾರ ಬ್ರೂಗಲ್‌ನ ಹೆಸರಿಟ್ಟನು. ಹದಿನಾರನೆಯ ಶತಮಾನದ ಆ ಚಿತ್ರಕಾರನದೆನ್ನುವ, ಬ್ರಸೆಲ್ಸ್ ನಗರದಲ್ಲಿರುವ ಪುಟ್ಟ ಚಿತ್ರವೊಂದರಲ್ಲಿ ಮನುಷ್ಯನೊಬ್ಬ ಕಣ್ಣು ಬಿಗಿಮುಚ್ಚಿ ಬಾಯಿ ಅಗಲಿಸಿದ್ದಾನೆ. ಅದು ರೋಗವೋ ಬರಿಯ ಆಕಳಿಕೆಯೋ ಎಂಬ ವಿವಾದ ಇದೆ. ನಾಲ್ಕು ಶತಮಾನ ಜನ ಅದನ್ನು ಆಕಳಿಕೆಯೆಂದೇ ನೋಡಿದರೆಂಬುದು ಮಾತ್ರ ನಮ್ಮ ವಿಷಯಕ್ಕೆ ಸಲ್ಲುವ ಸಂಗತಿ.

ಚಿಕಿತ್ಸೆ ಬಂದುದು ವಿಷದ ರೂಪದಲ್ಲಿ. ಕೆಟ್ಟ ಮಾಂಸದಲ್ಲಿನ ವಿಷವನ್ನು ಜರ್ಮನಿಯ ವೈದ್ಯಕವಿ ಯುಸ್ಟಿನುಸ್ ಕೆರ್ನರ್ 1820ರ ಸುಮಾರಿನಲ್ಲಿ ಅಭ್ಯಸಿಸಿ, ಅಲ್ಪ ಪ್ರಮಾಣದಲ್ಲಿ ಅದು ಔಷಧವಾದೀತೆಂದು ಊಹಿಸಿದ್ದನು. 1895ರಲ್ಲಿ ಬೆಲ್ಜಿಯಮ್ಮಿನ ಎಲ್ಲೆಜೆಲ್ ಗ್ರಾಮದಲ್ಲಿ ಶವಸಂಸ್ಕಾರಕ್ಕೆ ಬಂದ ವಾದ್ಯಗಾರರು ಉಪ್ಪುಹಾಕಿದ ಹಂದಿಮಾಂಸವನ್ನು ತಿಂದು ಮೂವರು ಸತ್ತರು. ಫಾನ್ ಎರ್ಮೆಂಗೆಮ್ ಅದರಿಂದ ಆ ವಿಷದ ಜೀವಾಣುವನ್ನು ಬೇರ್ಪಡಿಸಿದನು. ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ಈ ವಿಷ ತಡೆಯುತ್ತದೆ. ಸಾನ್‌ಫ್ರಾನ್ಸಿಸ್ಕೋದ ನೇತ್ರವೈದ್ಯ ಆಲನ್ ಸ್ಕಾಟ್ ಮೊದಲು ಕೋತಿಗಳಲ್ಲಿ, ಬಳಿಕ ಮಾಲುಗಣ್ಣಿನ ರೋಗಿಗಳಲ್ಲಿ ಪ್ರಯೋಗಿಸಿದನು. 1989ರ ಡಿಸೆಂಬರಿನಲ್ಲಿ ಅಮೆರಿಕದ ಸರ್ಕಾರ ಮಾಲುಗಣ್ಣಿಗೂ ರೆಪ್ಪೆಯ ಸೆಡೆತಕ್ಕೂ ಅದನ್ನು ಅಂಗೀಕರಿಸಿತು. ಅದಕ್ಕೆ ಮುಂಚೆ ಇದ್ದ ಮಾರ್ಗ ಮುಖದ ನರವನ್ನೋ ಸ್ನಾಯುವನ್ನೋ ಕತ್ತರಿಸುವುದು. ಚುಚ್ಚುಮದ್ದಿನ ಪರಿಣಾಮ ಸುಮಾರು ಮೂರು ತಿಂಗಳು. ಮತ್ತೆ ಮತ್ತೆ ಕೊಡಬೇಕು. ಸುಕ್ಕುಗಳನ್ನು ಮರೆಸಲು ಧನಿಕರು ಬಳಸುವ ‘ಬೊಟಾಕ್ಸ್’ ಇದೇ. ಹದಿನಾಲ್ಕನೆಯ ಶತಮಾನದಲ್ಲಿಯೇ ಮಂಗರಾಜನ ‘ಖಗೇಂದ್ರಮಣಿದರ್ಪಣ’ದಂಥ ವಿಷವೈದ್ಯದ ಗ್ರಂಥವನ್ನು ಪಡೆದ ಕನ್ನಡಿಗರಿಗೆ, ವಿಷವನ್ನು ಶ್ರದ್ಧೆಯಿಂದ ಅಭ್ಯಸಿಸುವುದೂ ವೈದ್ಯಕರ್ಮವೇ ಎಂಬ ಮಾತು ಹೊಸದಲ್ಲ.

ಒಂದು ಎಚ್ಚರಿಕೆ ಅಗತ್ಯ. ಚುಚ್ಚುಮದ್ದು ಯಾವ ಸ್ನಾಯುವನ್ನಾದರೂ ಸಡಿಲಿಸುತ್ತದೆ; ಆದುದರಿಂದ ಗುಣವಾಯಿತೆಂಬುದೇ ಕಾರಣಕ್ಕೆ ಪ್ರಮಾಣವಾಗದು. ಮನಸ್ಸಿನ ಕ್ಷೋಭೆಯಿಂದ ಕಣ್ಣು ಮುಚ್ಚಿಕೊಳ್ಳುವ ರೋಗಿಗಳೂ ಇದ್ದಾರೆ, ಅವರ ಕಷ್ಟವೂ ನಿಜವೇ. ಈ ಚರಿತ್ರೆಯಲ್ಲಿ ದೋಷವಾದುದು ಮನಸ್ಸನ್ನು ಕಾರಣವೆಂದು ಶಂಕಿಸಿದುದಲ್ಲ. ಬೇರೆ ಕಾರಣ ತಿಳಿಯದಿದ್ದುದನ್ನೇ ಮನಸ್ಸು ಕಾರಣವೆಂಬುದಕ್ಕೆ ಪುರಾವೆಯಾಗಿ ಎಣಿಸಿದುದು. ತಾಳೆ ಬೀಳದ ಲೆಕ್ಕವನ್ನು ಕಂಡ ಮಾತ್ರಕ್ಕೆ ಖಾತೆದಾರ ಕಳ್ಳನೆಂದು ಬರೆಯುವ ಪರೀಕ್ಷಕನನ್ನು ಯಾವ ಸಂಸ್ಥೆಯೂ ಇಟ್ಟುಕೊಳ್ಳುವುದಿಲ್ಲ. ತಾಳೆ ಬೀಳುವವರೆಗೆ ಆ ಮೊತ್ತವನ್ನು ಅನಾಮತ್ತು ಖಾತೆಯಲ್ಲಿ ಇಡುವುದು ವಾಡಿಕೆ. ರೋಗಿಯ ಮಾತಿಗೂ ಅಷ್ಟು ಮರ್ಯಾದೆ ಸಲ್ಲಬೇಕು. ಸುಶ್ರುತದಲ್ಲಿ ‘ಅಸಾಧ್ಯ’ವೆಂದು ಬರೆದ ಕೈ ಮಾಡಿದ್ದು ಅದನ್ನೇ.